ಬೆಳಕಿನ ಎಳೆಯೂ ಮನೆಯ ರೌಟರೂ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಎಳೆಯ ಸೂಕ್ಷ್ಮತೆಯನ್ನು ವಿವರಿಸಬೇಕಾದ ಅಗತ್ಯವಿಲ್ಲ. ಗೂಡಿನಿಂದ ಬಿಚ್ಚಿ ಬರುವ ಎಳೆಯ ದಪ್ಪ ಸುಮಾರು ೨೦ ಮೈಕ್ರಾನು; ಎಂದರೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲು. ಈಗ ಅದೇ ಊರಿನ ಬೀದಿಗಳಲ್ಲಿ, ಕಂಬದಿಂದ ಕಂಬಕ್ಕೆ, ಇನ್ನೊಂದು ಬಗೆಯ ಎಳೆ ಹಬ್ಬಿದೆ. ಅದು ಗಾಜಿನ ಎಳೆ. ಕಪ್ಪು ಹೊದಿಕೆಯೊಳಗೆ ಅಡಗಿರುವ ಆ ಗಾಜಿನ ದಪ್ಪ ೧೨೫ ಮೈಕ್ರಾನು. ಅದರ ನಡುವೆ ಬೆಳಕು ಹರಿಯುವ ತಿರುಳಾದರೋ ಕೇವಲ ೯ ಮೈಕ್ರಾನು, ರೇಷ್ಮೆಯ ಎಳೆಯ ಅರ್ಧಕ್ಕಿಂತಲೂ ಕಡಿಮೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮನೆಗಳಿಗೆ ಇಂಟರ್ನೆಟ್ಟನ್ನು ತರುತ್ತಿರುವುದು ಈ ತಿರುಳೇ.

ಇಂತಹ ಸಂಪರ್ಕವುಳ್ಳ ಗೃಹಸ್ಥರಿಗೆ ಒಂದಲ್ಲ ಒಂದು ದಿನ ಒಂದು ಪ್ರಶ್ನೆ ಏಳುತ್ತದೆ. ಬೇರೊಂದು ಕಂಪೆನಿ ಇದೇ ಸೇವೆಯನ್ನು ಕಡಿಮೆ ದರಕ್ಕೆ ಕೊಡುವುದಾಗಿ ಹೇಳುತ್ತಿದೆ. ಅದಕ್ಕೆ ಬದಲಾಯಿಸಿಕೊಂಡರೆ ಮನೆಯಲ್ಲಿ ಈಗಾಗಲೇ ಇರುವ ರೌಟರು ಉಪಯೋಗಕ್ಕೆ ಬರುವುದೇ? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ ೨೦೦ ರೂಪಾಯಿ ಕಡಿಮೆಯಾದರೆ ವರ್ಷಕ್ಕೆ ೨,೪೦೦ ರೂಪಾಯಿ ಉಳಿಯುತ್ತದೆ. ಈ ಬದಲಾವಣೆಗಾಗಿ ೨,೦೦೦ ರೂಪಾಯಿಯ ಹೊಸ ರೌಟರನ್ನು ಕೊಳ್ಳಲೇಬೇಕಾಗಿ ಬಂದರೆ ಮೊದಲ ವರ್ಷದ ಉಳಿತಾಯ ಹೆಚ್ಚುಕಡಿಮೆ ಅದರಲ್ಲಿಯೇ ಕರಗಿಹೋಗುತ್ತದೆ. ಆದ್ದರಿಂದ ಉತ್ತರವನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ನಾವೂ ಒಮ್ಮೆ ಈ ವಿಷಯದಲ್ಲಿ ಎಡವಿದ್ದುಂಟು. ಕಂಪೆನಿಯನ್ನು ಬದಲಾಯಿಸಿದಾಗ, ನಾವೇ ಹಣ ಕೊಟ್ಟು ಕೊಂಡಿದ್ದ ಹಳೆಯ ಪೆಟ್ಟಿಗೆಗೇ ಹೊಸ ಎಳೆಯನ್ನು ಸಿಕ್ಕಿಸಿದೆವು. ಕೊಂಡಿ ಸರಿಯಾಗಿ ಕೂತಿತು, ಬೆಳಕೂ ಬರುತ್ತಿತ್ತು. ಆದರೂ ಎರಡು ದಿನ ಕೆಂಪು ದೀಪ ಮಿನುಗುತ್ತಲೇ ಇತ್ತು. ಹಳೆಯ ಸಂಪರ್ಕವನ್ನು ಆಗಲೇ ಕಡಿದುಕೊಂಡಿದ್ದೆವು. ಪ್ರವೇಶಪರೀಕ್ಷೆಯ ಅರ್ಜಿ ತುಂಬಲೆಂದು ನಮ್ಮಲ್ಲಿಗೆ ಬಂದ ನೆರೆಮನೆಯ ಹುಡುಗಿ ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ತಪ್ಪು ಎಳೆಯದೂ ಅಲ್ಲ, ಪೆಟ್ಟಿಗೆಯದೂ ಅಲ್ಲ. ಒಂದರ ಕೆಲಸವನ್ನು ಇನ್ನೊಂದರಿಂದ ನಿರೀಕ್ಷಿಸಿದ ನಮ್ಮದೇ. ಅದು ಹೇಗೆಂಬುದನ್ನು ಮುಂದೆ ನೋಡೋಣ.

ಒಂದೇ ಪೆಟ್ಟಿಗೆ, ಎರಡು ಕೆಲಸ

ಸಾಮಾನ್ಯವಾಗಿ ನಾವು ‘ರೌಟರು’ ಎಂದು ಕರೆಯುವ ವಸ್ತುವಿನಲ್ಲಿ ವಾಸ್ತವವಾಗಿ ಎರಡು ಯಂತ್ರಗಳಿವೆ. ಮೊದಲನೆಯದು ಗಾಜಿನ ಎಳೆಯಲ್ಲಿ ಬಂದ ಬೆಳಕನ್ನು ವಿದ್ಯುತ್ಸಂಕೇತವಾಗಿಯೂ ವಿದ್ಯುತ್ಸಂಕೇತವನ್ನು ಬೆಳಕಾಗಿಯೂ ಮಾರ್ಪಡಿಸುತ್ತದೆ. ಇದಕ್ಕೆ ಓಎನ್‌ಟಿ ಎಂದು ಹೆಸರು. ಓಎನ್‌ಯು ಎಂದೂ ಹೇಳುವುದುಂಟು. ಎರಡನೆಯದು ಹಾಗೆ ಬಂದ ಸಂಕೇತಗಳನ್ನು ಮನೆಯ ಫೋನು, ಕಂಪ್ಯೂಟರು, ಟೆಲಿವಿಷನ್ನುಗಳಿಗೆ ಹಂಚುತ್ತದೆ. ನಿಜವಾದ ರೌಟರು ಇದೇ. ಕೆಲವು ಮನೆಗಳಲ್ಲಿ ಇವೆರಡೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿರುತ್ತವೆ. ಅನೇಕ ಕಡೆ ಒಂದೇ ಹೊದಿಕೆಯೊಳಗೆ ಸೇರಿಕೊಂಡಿರುತ್ತವೆ. ಗೊಂದಲಕ್ಕೆಲ್ಲ ಈ ಸೇರ್ಪಡೆಯೇ ಮೂಲ.

ಎರಡನೆಯದನ್ನು ನಮ್ಮ ಇಷ್ಟದಂತೆ ಆರಿಸಿಕೊಳ್ಳಲು ಭೌತಶಾಸ್ತ್ರದ ಅಡ್ಡಿ ಯಾವುದೂ ಇಲ್ಲ. ಮೊದಲನೆಯದರ ವಿಚಾರ ಹಾಗಲ್ಲ. ಏಕೆಂದರೆ ನಮ್ಮ ಮನೆಗೆ ಬರುವ ಬೆಳಕು ನಮ್ಮೊಬ್ಬರದೇ ಅಲ್ಲ.

ಬೆಳಕನ್ನು ಹಂಚುವ ಬಗೆ

ಗಾಜಿನ ಎಳೆಯಲ್ಲಿ ಬೆಳಕನ್ನು ಬಹುದೂರ ಕಳುಹಿಸಬಹುದೆಂದು ೧೯೬೬ರಲ್ಲಿ ತೋರಿಸಿಕೊಟ್ಟವರು ಚಾರ್ಲ್ಸ್ ಕಾವ್. ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಒಂದು ಕಿಲೋಮೀಟರು ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕೆಂಬುದು ಅಂದಿನ ಗುರಿಯಾಗಿತ್ತು. ಇಂದಿನ ಗಾಜು ಎಷ್ಟು ಶುದ್ಧವೆಂದರೆ, ಮನೆಗಳತ್ತ ಬರುವ ಬೆಳಕು ಹತ್ತು ಕಿಲೋಮೀಟರು ಸಾಗಿದ ಮೇಲೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ.

ಕಂಪೆನಿಯ ಕೇಂದ್ರದಿಂದ ಹೊರಟ ಒಂದು ಎಳೆ ಬೀದಿಯ ಪೆಟ್ಟಿಗೆಯೊಂದರಲ್ಲಿ ಅನೇಕ ಕವಲುಗಳಾಗಿ ಒಡೆಯುತ್ತದೆ. ಈ ಕವಲುಪೆಟ್ಟಿಗೆಗೆ ವಿದ್ಯುತ್ತು ಬೇಕಾಗಿಲ್ಲ. ಕಾಲುವೆಯ ನೀರು ತೂಬುಗಳಲ್ಲಿ ಹಂಚಿಹೋಗುವಂತೆ ಬೆಳಕು ತಾನಾಗಿಯೇ ಪಾಲಾಗುತ್ತದೆ. ಕೇಂದ್ರದಿಂದ ೨ ಮಿಲಿವಾಟ್ ಬೆಳಕು ಹೊರಟು ೩೨ ಮನೆಗಳಿಗೆ ಹಂಚಿಕೆಯಾಯಿತೆಂದು ಭಾವಿಸೋಣ. ಒಂದೊಂದು ಮನೆಗೆ ಸುಮಾರು ೦.೦೬ ಮಿಲಿವಾಟ್ ಬರಬೇಕು; ಕೊಂಡಿ, ಬೆಸುಗೆಗಳಲ್ಲಿ ಒಂದಷ್ಟು ನಷ್ಟವಾಗಿ ಇನ್ನೂ ಕಡಿಮೆ ಬರುತ್ತದೆ. ಆದರೂ ಚಿಂತೆಯಿಲ್ಲ. ಸಾಮಾನ್ಯವಾದ ಓಎನ್‌ಟಿಗೆ ೦.೦೦೨ ಮಿಲಿವಾಟ್ ಸಿಕ್ಕಿದರೂ ಸಾಕು.

ಹೀಗೆ ಕೇಂದ್ರದಿಂದ ಬರುವ ಸಂದೇಶಗಳೆಲ್ಲವೂ ಎಲ್ಲ ಮನೆಗಳಿಗೂ ಬರುತ್ತವೆ. ತನಗೆ ಬಂದುದನ್ನು ಮಾತ್ರ ಆರಿಸಿಕೊಂಡು ಉಳಿದುದನ್ನು ಬಿಟ್ಟುಬಿಡುವುದು ಓಎನ್‌ಟಿಯ ಕೆಲಸ. ಒಬ್ಬರ ಸಂದೇಶವನ್ನು ಇನ್ನೊಬ್ಬರು ಓದದಂತೆ ಅದನ್ನು ಗೂಢಲಿಪಿಗೆ ತಿರುಗಿಸುವ ಏರ್ಪಾಡೂ ಉಂಟು. ಕೇಂದ್ರದಿಂದ ಬರುವ ಬೆಳಕಿನ ಅಲೆಯ ಉದ್ದ ೧೪೯೦ ನ್ಯಾನೋಮೀಟರು. ಮನೆಯಿಂದ ಹೋಗುವುದರದು ೧೩೧೦. ಎರಡೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು. ಕಾಣುವುದಿಲ್ಲವೆಂದು ಎಳೆಯ ತುದಿಗೆ ಕಣ್ಣಿಟ್ಟು ನೋಡುವುದು ಎಂದಿಗೂ ತರವಲ್ಲ.

ಮನೆಗಳಿಂದ ಕೇಂದ್ರಕ್ಕೆ ಸಂದೇಶ ಹೋಗುವಾಗ ಮಾತ್ರ ತೊಡಕುಂಟು. ಮೂವತ್ತೆರಡು ಮನೆಯವರೂ ಒಂದೇ ಎಳೆಯಲ್ಲಿ ಒಮ್ಮೆಗೇ ಬೆಳಕು ಬಿಟ್ಟರೆ ಯಾರ ಮಾತೂ ತಿಳಿಯುವುದಿಲ್ಲ. ಆದಕಾರಣ ಕೇಂದ್ರವು ಒಂದೊಂದು ಓಎನ್‌ಟಿಗೂ ಸರದಿಯನ್ನು ಗೊತ್ತುಮಾಡುತ್ತದೆ. ಈ ಸರದಿಯ ನಿಷ್ಕೃಷ್ಟತೆ ಬೆರಗುಗೊಳಿಸುವಂತಹುದು. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು. ಕೇಂದ್ರದಿಂದ ಐದು ಕಿಲೋಮೀಟರು ದೂರದ ಮನೆಗೆ ಹೋಗಿಬರಲು ಬೆಳಕಿಗೆ ೫೦ ಮೈಕ್ರೋಸೆಕೆಂಡು ಬೇಕು. ಹತ್ತು ಕಿಲೋಮೀಟರಿನ ಮನೆಗೆ ೧೦೦. ವ್ಯತ್ಯಾಸ ೫೦ ಮೈಕ್ರೋಸೆಕೆಂಡು ಮಾತ್ರ. ಆದರೆ ಸೆಕೆಂಡಿಗೆ ೧೨೪.೪ ಕೋಟಿ ಬಿಟ್ಟುಗಳನ್ನು ಒಯ್ಯುವ ಎಳೆಯಲ್ಲಿ ಅಷ್ಟು ಹೊತ್ತಿಗೆ ೬೨,೦೦೦ ಬಿಟ್ಟುಗಳು ಹರಿದುಹೋಗಿರುತ್ತವೆ. ಆದ್ದರಿಂದ ಕೇಂದ್ರವು ಪ್ರತಿಯೊಂದು ಓಎನ್‌ಟಿಯ ದೂರವನ್ನೂ ಅಳೆದು, ಅದು ಎಷ್ಟು ಕಾದು ಬೆಳಕು ಬಿಡಬೇಕೆಂಬುದನ್ನು ತಿಳಿಸುತ್ತದೆ. ಈ ಕಟ್ಟಿಗೆ ಒಳಪಡದ ಒಂದೇ ಒಂದು ಪೆಟ್ಟಿಗೆ ಮನಬಂದಾಗ ಬೆಳಕು ಬಿಟ್ಟರೆ ಬೀದಿಯ ಸಂಪರ್ಕವೆಲ್ಲ ಕೆಡುತ್ತದೆ.

ಓಎನ್‌ಟಿಯ ಕ್ರಮಾಂಕವನ್ನು ತನ್ನ ಪಟ್ಟಿಯಲ್ಲಿ ಬರೆದುಕೊಂಡ ಮೇಲೆಯೇ ಕಂಪೆನಿ ಅದಕ್ಕೆ ಸರದಿ ಕೊಡುವುದೇಕೆಂಬುದು ಈಗ ಸ್ಪಷ್ಟವಾಯಿತಷ್ಟೆ. ಇದು ಕೇವಲ ವ್ಯಾಪಾರದ ಬಿಗಿಯಲ್ಲ; ಇದರಲ್ಲಿ ನೆರೆಹೊರೆಯವರ ಹಿತವೂ ಅಡಗಿದೆ.

ಇನ್ನೊಂದು ಸಂಗತಿಯೂ ಇದೆ. ಸರದಿಯ ಈ ವ್ಯವಸ್ಥೆಗೆ ಎರಡು ‘ಭಾಷೆ’ಗಳು ಬಳಕೆಯಲ್ಲಿವೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ೨೦೦೩ರಲ್ಲಿ ಅಂಗೀಕರಿಸಿದ ಜಿಪಾನ್ ಒಂದು. ೨೦೦೪ರಲ್ಲಿ ಹೊರಬಂದ ಇಪಾನ್ ಇನ್ನೊಂದು. ಎಳೆ ಒಂದೇ, ಕೊಂಡಿ ಒಂದೇ, ಬೆಳಕಿನ ಬಣ್ಣವೂ ಒಂದೇ. ಆದರೆ ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಎರಡನ್ನೂ ಬಲ್ಲ ಪೆಟ್ಟಿಗೆಗಳೂ ಅಂಗಡಿಗಳಲ್ಲಿ ದೊರೆಯುತ್ತವೆ. ನಮ್ಮ ಪೆಟ್ಟಿಗೆಗೆ ಇಪಾನ್ ಮಾತ್ರ ಗೊತ್ತಿತ್ತು. ಹೊಸ ಕಂಪೆನಿಯದು ಜಿಪಾನ್. ಕೆಂಪು ದೀಪದ ರಹಸ್ಯ ಇಷ್ಟೇ.

ರೌಟರಿನ ಪಾಲು

ಓಎನ್‌ಟಿಯನ್ನು ಕಂಪೆನಿಯ ವಶಕ್ಕೆ ಬಿಟ್ಟುಕೊಟ್ಟರೆ ಉಳಿದ ದಾರಿ ಸುಗಮವಾಗುತ್ತದೆ. ನಮ್ಮ ರೌಟರನ್ನು ಅದರ ಹಿಂದೆ ಎರಡು ವಿಧದಲ್ಲಿ ಜೋಡಿಸಬಹುದು.

ಮೊದಲನೆಯದು ಬ್ರಿಡ್ಜ್ ಕ್ರಮ. ಇದರಲ್ಲಿ ಓಎನ್‌ಟಿಯು ಸೇತುವೆಯಂತೆ ಬೆಳಕನ್ನು ವಿದ್ಯುತ್ತಿಗೆ ತಿರುಗಿಸಿ ಸುಮ್ಮನಾಗುತ್ತದೆ. ಕಂಪೆನಿಯ ಬಾಗಿಲು ತಟ್ಟಿ ಹೆಸರು ಹೇಳುವ ಕೆಲಸ ನಮ್ಮ ರೌಟರಿನದು. ಹೀಗೆ ಹೆಸರು ಹೇಳುವುದಕ್ಕೆ ಹೆಚ್ಚಾಗಿ ಬಳಸುವ ಪದ್ಧತಿ ೧೯೯೯ರಲ್ಲಿ ಪ್ರಕಟವಾದ ಪಿಪಿಪಿಓಇ. ಬಿಎಸ್‌ಎನ್‌ಎಲ್‌ನ ಫೈಬರ್ ಸಂಪರ್ಕದಲ್ಲಿರುವುದೂ ಇದೇ. ಚಂದಾದಾರನಿಗೆ ಒಂದು ಬಳಕೆದಾರ ಹೆಸರು, ಒಂದು ಗುಪ್ತಪದ ಇರುತ್ತವೆ. ಅವೆರಡನ್ನು ರೌಟರಿನಲ್ಲಿ ಬರೆದರೆ ಸಾಕು. ಕೆಲವು ಕಡೆ ವಿಲ್ಯಾನ್ ಎಂಬ ಒಂದು ಸಂಖ್ಯೆಯೂ ಬೇಕಾಗುತ್ತದೆ. ಒಂದೇ ಎಳೆಯಲ್ಲಿ ಬರುವ ಇಂಟರ್ನೆಟ್ಟು, ದೂರವಾಣಿ, ಟೆಲಿವಿಷನ್ನುಗಳನ್ನು ಪ್ರತ್ಯೇಕವಾಗಿಡುವ ಗುರುತು ಅದು. ಹಿಂದಿನ ರೌಟರಿನ ಗುರುತನ್ನೇ ಕಂಪೆನಿ ಪಟ್ಟಿಯಲ್ಲಿ ಹಿಡಿದಿಟ್ಟಿದ್ದರೆ ಅದನ್ನು ಬಿಡಿಸುವಂತೆ ಕೇಳಬೇಕು.

ಎರಡನೆಯದು ಇನ್ನೂ ಸುಲಭ. ಕಂಪೆನಿಯ ಪೆಟ್ಟಿಗೆ ಇದ್ದಂತೆಯೇ ಇರಲಿ; ಅದರ ಲ್ಯಾನ್ ಕಿಂಡಿಯಿಂದ ನಮ್ಮ ರೌಟರಿನ ವ್ಯಾನ್ ಕಿಂಡಿಗೆ ಒಂದು ತಂತಿ ಎಳೆದರಾಯಿತು. ಆಗ ಮನೆಗೆ ಇಬ್ಬರು ಹಂಚಿಕೆದಾರರಾಗುತ್ತಾರೆ. ಇಬ್ಬರೂ ೧೯೨.೧೬೮.೧ ಎಂದು ಮೊದಲಾಗುವ ವಿಳಾಸಗಳನ್ನೇ ಕೊಡತೊಡಗಿದರೆ, ಒಂದೇ ಬೀದಿಯಲ್ಲಿ ಒಂದೇ ಸಂಖ್ಯೆಯ ಎರಡು ಮನೆಗಳಿದ್ದಂತಾಗಿ ಸಂದೇಶಗಳು ದಾರಿ ತಪ್ಪುತ್ತವೆ. ನಮ್ಮ ರೌಟರಿನಲ್ಲಿ ಮೂರನೆಯ ಅಂಕವನ್ನು ಬದಲಾಯಿಸಿದರೆ ತೊಂದರೆ ನಿವಾರಣೆಯಾಗುತ್ತದೆ. ಓದು, ಚಲನಚಿತ್ರ, ಹಣಕಾಸಿನ ವ್ಯವಹಾರ ಇವಾವುದಕ್ಕೂ ಈ ಜೋಡಣೆಯಿಂದ ಬಾಧಕವಿಲ್ಲ. ಹೊರಗಿನಿಂದ ನೇರವಾಗಿ ಮನೆಯ ಯಂತ್ರವನ್ನು ತಲುಪಬೇಕಾದವರಿಗೆ ಮಾತ್ರ ಕಷ್ಟವಾದೀತು.

ಹಳೆಯ ರೌಟರಿನ ಯೋಗ್ಯತೆಯನ್ನೂ ಪರೀಕ್ಷಿಸಬೇಕು. ತಾಮ್ರದ ದೂರವಾಣಿ ತಂತಿಯ ಕಾಲದ ಮೋಡೆಮಿನ ಸಣ್ಣ ಟೆಲಿಫೋನು ಕಿಂಡಿಗೆ ಈಗ ಕೆಲಸವಿಲ್ಲ. ರೌಟರಿನ ವ್ಯಾನ್ ಕಿಂಡಿ ಸೆಕೆಂಡಿಗೆ ೧೦೦ ಮೆಗಾಬಿಟ್ಟಿನದಾದರೆ ನಮಗೆ ನಿಜವಾಗಿ ಸಿಗುವುದು ಸುಮಾರು ೯೪. ೨೦೦ ಮೆಗಾಬಿಟ್ಟಿಗೆ ಹಣ ತೆತ್ತರೂ ಅಷ್ಟೇ. ತಯಾರಕರು ರಕ್ಷಣೆಯ ತಿದ್ದುಪಡಿಗಳನ್ನು ನಿಲ್ಲಿಸಿಬಿಟ್ಟಿರುವ ರೌಟರನ್ನು ಉಳಿತಾಯದ ಹೆಸರಿನಲ್ಲಿ ಇಟ್ಟುಕೊಳ್ಳುವುದು ಜಾಣತನವಲ್ಲ.

ಕಲ್ಲಿನ ಗೋಡೆ

ಒಳ್ಳೆಯ ರೌಟರನ್ನು ಸ್ವಂತಕ್ಕೆ ಇಟ್ಟುಕೊಳ್ಳುವುದರಿಂದ ಈ ಸೀಮೆಯವರಿಗೆ ವಿಶೇಷ ಪ್ರಯೋಜನವಿದೆ. ರಾಮನಗರ, ಕನಕಪುರ, ಮಾಗಡಿಗಳ ನೆಲವೇ ಕಲ್ಲಿನದು. ಬಂಡೆಯಿಂದ ತೆಗೆದ ದಪ್ಪ ಕಲ್ಲಿನಲ್ಲಿ ಕಟ್ಟಿದ ಮನೆಗಳು ಇಲ್ಲಿ ಅಪರೂಪವಲ್ಲ. ಹೆಚ್ಚಾಗಿ ಬಳಕೆಯಲ್ಲಿರುವ ವೈಫೈ ಅಲೆಗಳು ಎರಡು ಬಗೆ: ೨.೪ ಗಿಗಾಹರ್ಟ್ಸಿನ ಅಲೆಯ ಉದ್ದ ೧೨.೫ ಸೆಂಟಿಮೀಟರು, ೫ ಗಿಗಾಹರ್ಟ್ಸಿನದು ೬ ಸೆಂಟಿಮೀಟರು. ಎರಡನೆಯದು ವೇಗದಲ್ಲಿ ಮುಂದು, ಗೋಡೆ ದಾಟುವುದರಲ್ಲಿ ಹಿಂದು. ಚನ್ನಪಟ್ಟಣದ ಮರದ ಬೊಂಬೆಗಳನ್ನು ಸಾಲಾಗಿ ಜೋಡಿಸಿಟ್ಟ ಹಲಗೆಯನ್ನು ಅವು ಸುಲಭವಾಗಿ ದಾಟಬಲ್ಲವು. ಒಂದೂವರೆ ಅಡಿ ದಪ್ಪದ ಕಲ್ಲುಗೋಡೆಯಲ್ಲಿ ಬಹುಮಟ್ಟಿಗೆ ಇಂಗಿಹೋಗುತ್ತವೆ.

ಕಂಪೆನಿಯವರು ಎಳೆಯನ್ನು ತಂದು ನಿಲ್ಲಿಸುವುದು ಸಾಮಾನ್ಯವಾಗಿ ಬಾಗಿಲ ಬಳಿ. ಓಎನ್‌ಟಿ ಅಲ್ಲಿಯೇ ಇರಲಿ. ಅಲ್ಲಿಂದ ತಾಮ್ರದ ಲ್ಯಾನ್ ತಂತಿಯನ್ನು ಎಳೆದು ನಮ್ಮ ರೌಟರನ್ನು ಮನೆಯ ನಡುವಣ ಹಜಾರದಲ್ಲಿ, ಎತ್ತರದಲ್ಲಿ ಇಟ್ಟರೆ ಅಡಿಗೆಮನೆಯಿಂದ ಹುಳುಮನೆಯವರೆಗೆ ಅಲೆಗಳು ಹೆಚ್ಚು ಸಮನಾಗಿ ಹರಡುತ್ತವೆ. ಈ ತಂತಿಯನ್ನು ೧೦೦ ಮೀಟರುಗಳವರೆಗೂ ಎಳೆಯಬಹುದು. ಹಳೆಯ ಎರಡನೆಯ ರೌಟರೊಂದಿದ್ದರೆ ಅದನ್ನು ಗೋಡೆಯಾಚೆ ಇನ್ನೊಂದು ವೈಫೈ ಕೇಂದ್ರವಾಗಿ ಬಳಸಿಕೊಳ್ಳಬಹುದು. ಕಸಕ್ಕೆ ಸೇರಬೇಕಾದ ವಸ್ತು ಹೀಗೆ ಕೆಲಸಕ್ಕೆ ಬರುತ್ತದೆ.

ಬದಲಾಯಿಸುವ ಮುನ್ನ

ಹೊಸ ಕಂಪೆನಿಯವರನ್ನು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಓಎನ್‌ಟಿ ಯಾರದು, ಅದಕ್ಕೆ ಬಾಡಿಗೆಯೋ ಠೇವಣಿಯೋ, ಠೇವಣಿಯಾದರೆ ಹಿಂದಿರುಗುವುದು ಎಂದು? ಚಂದಾದಾರನ ಸ್ವಂತ ಓಎನ್‌ಟಿಯನ್ನು ಪಟ್ಟಿಗೆ ಸೇರಿಸಿಕೊಳ್ಳುವರೇ. ಹಾಗಿದ್ದರೆ ಅದು ಜಿಪಾನೋ ಇಪಾನೋ? ಬ್ರಿಡ್ಜ್ ಕ್ರಮಕ್ಕೆ ಒಪ್ಪಿಗೆಯೇ? ಬಳಕೆದಾರ ಹೆಸರು, ಗುಪ್ತಪದ, ವಿಲ್ಯಾನ್ ಸಂಖ್ಯೆಗಳನ್ನು ಬರೆದುಕೊಡುವರೇ? ಹೇಳಿದ ದರದಲ್ಲಿ ಶೇಕಡಾ ೧೮ರ ತೆರಿಗೆ ಸೇರಿದೆಯೇ? ೩೯೯ ರೂಪಾಯಿಯ ಯೋಜನೆ ತೆರಿಗೆ ಸೇರಿದರೆ ೪೭೦ ರೂಪಾಯಿ ದಾಟುತ್ತದೆ. ಹೋಲಿಸಬೇಕಾದದ್ದು ಈ ಎರಡನೆಯ ಸಂಖ್ಯೆಯನ್ನೇ.

ದೂರವಾಣಿಯನ್ನು ಮರೆಯಬಾರದು. ಫೈಬರ್ ಸಂಪರ್ಕದ ಸ್ಥಿರ ದೂರವಾಣಿ ಓಎನ್‌ಟಿಯ ಕಿಂಡಿಯಿಂದಲೇ ನಡೆಯುತ್ತದೆ. ಸಾಧಾರಣ ರೌಟರಿನಲ್ಲಿ ಆ ಕಿಂಡಿ ಇರುವುದಿಲ್ಲ. ಅಲ್ಲದೆ, ಮೊಬೈಲ್ ಸಂಖ್ಯೆಯಂತೆ ಸ್ಥಿರ ದೂರವಾಣಿಯ ಸಂಖ್ಯೆಯನ್ನು ಒಂದು ಕಂಪೆನಿಯಿಂದ ಇನ್ನೊಂದಕ್ಕೆ ಒಯ್ಯುವ ಏರ್ಪಾಡು ನಮ್ಮಲ್ಲಿಲ್ಲ. ಕೊಂಡಿಗಳ ಬಣ್ಣವನ್ನೂ ಗಮನಿಸಬೇಕು: ಹಸುರು ಕೊಂಡಿಯ ತುದಿ ಎಂಟು ಡಿಗ್ರಿ ಓರೆ, ನೀಲಿಯದು ನೇರ. ಹಸುರಿಗೆ ನೀಲಿಯನ್ನು ಸೇರಿಸಿದರೆ ನಡುವೆ ಸಂದು ಉಳಿದು ಬೆಳಕು ಸೋರಿಹೋಗುತ್ತದೆ. ಕೊನೆಯ ಮಾತು, ಅನುಭವದ ಮಾತು: ಹೊಸದು ಒಂದು ವಾರ ನೆಟ್ಟಗೆ ನಡೆಯುವವರೆಗೆ ಹಳೆಯದನ್ನು ಕಡಿಯಬಾರದು.

ಯಂತ್ರ ಯಾರದು?

ಹಿಂದೆ ಮನೆಯ ಕಪ್ಪು ಟೆಲಿಫೋನು ಅಂಚೆ ಮತ್ತು ತಂತಿ ಇಲಾಖೆಯದಾಗಿತ್ತು. ಅದನ್ನು ತಯಾರಿಸುತ್ತಿದ್ದುದು ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಐಟಿಐ ಕಾರ್ಖಾನೆ. ಚಂದಾದಾರನು ತನಗಿಷ್ಟವಾದ ಉಪಕರಣವನ್ನು ತಂತಿಗೆ ಸೇರಿಸುವಂತಿರಲಿಲ್ಲ. ಅಮೆರಿಕದಲ್ಲಿಯೂ ಇಂಥದೇ ಕಟ್ಟು ಇತ್ತು. ೧೯೬೮ರಲ್ಲಿ ಕಾರ್ಟರ್‌ಫೋನ್ ಎಂಬ ಉಪಕರಣದ ಪ್ರಕರಣದಲ್ಲಿ, ಜಾಲಕ್ಕೆ ಹಾನಿ ಮಾಡದ ಯಂತ್ರವನ್ನು ಗ್ರಾಹಕನು ಜೋಡಿಸಬಹುದೆಂದು ಅಲ್ಲಿನ ಸಂಪರ್ಕ ಆಯೋಗ ತೀರ್ಪಿತ್ತಿತು. ಜರ್ಮನಿಯಲ್ಲಿ ೨೦೧೬ರ ಆಗಸ್ಟ್ ೧ರಿಂದ ರೌಟರನ್ನು ತಾನೇ ಆರಿಸಿಕೊಳ್ಳುವ ಹಕ್ಕು ಕಾನೂನಿನಿಂದಲೇ ಗ್ರಾಹಕನಿಗೆ ಬಂದಿದೆ.

ಕಾರ್ಟರ್‌ಫೋನ್ ತೀರ್ಪಿನಲ್ಲಿರುವ ವಿವೇಕವೇ ನಮ್ಮ ಪ್ರಶ್ನೆಗೂ ಉತ್ತರ. ನೆರೆಯವರೊಡನೆ ಹಂಚಿಕೊಂಡ ಬೆಳಕಿನ ಎಳೆಗೆ ತಾಗುವ ಯಂತ್ರದಲ್ಲಿ ಕಂಪೆನಿಯ ಕಟ್ಟಿಗೆ ಅರ್ಥವಿದೆ. ಅಲ್ಲಿಂದೀಚೆಗೆ, ನಮ್ಮ ಗೋಡೆಗಳ ನಡುವೆ ಹಂಚುವ ಯಂತ್ರದ ಆಯ್ಕೆ ನಮ್ಮದು. ಈ ಗಡಿಯನ್ನು ಅರಿತ ಗೃಹಸ್ಥನು ಹಳೆಯ ರೌಟರನ್ನು ಬಿಸಾಡುವ ಮೊದಲು, ಹೊಸದಕ್ಕೆ ಹಣ ತೆರುವ ಮೊದಲು, ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದವರಲ್ಲಿ ಕೇಳಬಲ್ಲನು.