ಮರ ಸಪೂರವಾದ ವರ್ಷ

“ಸಣ್ಣದಿರುವಾಗ ತಿಂದ ಪೆಟ್ಟು ನಲವತ್ತು ವರ್ಷ ಕಳೆದ ಮೇಲೆ ಕಾಯಿಲೆ ಆಗ್ತದಾ ಮಾರಾಯ್ರೆ?” ಬಂಟ್ವಾಳದ ಓದುಗರೊಬ್ಬರು ಫೋನಿನಲ್ಲಿ ಕೇಳಿದರು. ಬಾಲ್ಯದ ಸಂಕಟಗಳ ಬಗ್ಗೆ ಮೊಬೈಲಿಗೆ ಬಂದ ಹತ್ತು ಪ್ರಶ್ನೆಗಳಿಗೆ ಉತ್ತರ ಒತ್ತಿದ್ದರಂತೆ. ಹತ್ತಕ್ಕೆ ಆರು ಅಂಕ. ದನಿಯಲ್ಲಿ ಹೆದರಿಕೆ ಇತ್ತು.

ಆ ಅಂಕ ಹುಟ್ಟಿದ್ದು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ಬೊಜ್ಜು ಇಳಿಸುವ ಚಿಕಿತ್ಸಾಲಯವೊಂದರ ಬೆನ್ನಿಗೆ. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಚಿಕಿತ್ಸೆ ಬಿಟ್ಟು ಹೋಗುವುದನ್ನು ಕಂಡು ವೈದ್ಯ ವಿನ್ಸೆಂಟ್ ಫೆಲಿಟಿ, ಹಾಗೆ ಬಿಟ್ಟವರನ್ನು ಕೂರಿಸಿ ಮಾತಾಡಿಸಿದರು. ಹಲವರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದವರು. ವೈದ್ಯರು ರೋಗ ಅಂದುಕೊಂಡ ಬೊಜ್ಜು ಅವರಲ್ಲಿ ಕೆಲವರಿಗೆ ರಕ್ಷಣೆಯ ಗೋಡೆಯಾಗಿತ್ತು. ಮುಂದೆ ಸಂಶೋಧಕ ರಾಬರ್ಟ್ ಆಂಡ ಅವರ ಜೊತೆ 9,508 ಜನರ ಉತ್ತರ ಕಲೆಹಾಕಿ 1998ರಲ್ಲಿ ಪ್ರಕಟಿಸಿದರು. ನಾಲ್ಕು ಅಥವಾ ಹೆಚ್ಚು ಬಗೆಯ ಬಾಲ್ಯದ ಸಂಕಟ ಕಂಡವರಲ್ಲಿ ಕುಡಿತ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನಗಳ ಅಪಾಯ ಏನೂ ಕಾಣದವರಿಗಿಂತ 4ರಿಂದ 12 ಪಟ್ಟು.

ನನಗೆ ಇದು ಅರ್ಥವಾದದ್ದು ಮೂಡುಬಿದಿರೆಯ ನಮ್ಮ ಅಡಿಕೆ ತೋಟದಲ್ಲಿ. ಅಲ್ಲೊಂದು ಮರ ಆಳೆತ್ತರದಲ್ಲಿ ಹಿಡಿದು ಹಿಂಡಿದ ಹಾಗೆ ಸಪೂರ, ಮೇಲೆ ಮತ್ತೆ ದಪ್ಪ. ಆ ಭಾಗ ಬೆಳೆಯುವಾಗ ಕೆರೆ ಬತ್ತಿತ್ತು. ಹಲಸು, ಮಾವಿನ ಕಾಂಡ ವರ್ಷವರ್ಷವೂ ದಪ್ಪವಾಗಿ ಹಳೆಯ ಗಾಯ ಮುಚ್ಚಿಕೊಳ್ಳುತ್ತದೆ. ಅಡಿಕೆ, ತೆಂಗಿನ ಜಾತಿಗೆ ಹಾಗೆ ಕಾಂಡವನ್ನು ದಪ್ಪ ಮಾಡುವ ಪದರವೇ ಇಲ್ಲ. ಸಪೂರವಾದದ್ದು ಕೊನೆಯವರೆಗೂ ಸಪೂರವೇ. ಆದರೆ ಆ ಮರ ಈಗಲೂ ಗೊನೆ ಬಿಡುತ್ತದೆ! ಕಾಂಡದ ಸಪೂರ ಲೆಕ್ಕ ಹಾಕಿ ಈ ಸಲದ ಫಸಲು ಇಷ್ಟೇ ಅಂತ ಹೇಳುವ ತೋಟದವನನ್ನು ನಾನು ಕಂಡಿಲ್ಲ. ಅಂಕದ ಕಥೆಯೂ ಅಷ್ಟೇ. ಸಾವಿರಾರು ಜನರ ಸರಾಸರಿಗೆ ಅದು ದಾರಿ ತೋರಿಸುತ್ತದೆ, ಒಬ್ಬರ ಹಣೆಬರಹ ಓದುವುದಿಲ್ಲ. ಒಬ್ಬೊಬ್ಬರನ್ನು ಅಳೆಯಲು ಇದನ್ನು ಬಳಸಬೇಡಿ ಎಂದು ಆಂಡ ಅವರೇ 2020ರಲ್ಲಿ ಬರೆದರು. ಮೊಬೈಲಿನ ಪ್ರಶ್ನಾವಳಿಗಳು ಈ ಎಚ್ಚರಿಕೆಯನ್ನು ಮುಚ್ಚಿಡುವುದು ದೊಡ್ಡ ತಪ್ಪು.

ರೋಗದ ಹೆಸರುಗಳೂ ಬದಲಾಗುತ್ತಿವೆ. ಆಘಾತೋತ್ತರ ಒತ್ತಡ ಎಂಬ ಕಾಯಿಲೆ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಸೇರಿದಾಗ ಕಣ್ಣೆದುರಿಗಿದ್ದವರು ವಿಯೆಟ್ನಾಂನಿಂದ ಮರಳಿದ ಸೈನಿಕರು. ಸೈನಿಕನಿಗೆ ಮರಳಲು ಮನೆ ಇತ್ತು. ಮನೆಯೇ ಯುದ್ಧಭೂಮಿಯಾದ ಮಗು ಎಲ್ಲಿಗೆ ಮರಳಬೇಕು? ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲೇ ಎತ್ತಿದ ಈ ಮಾತು, ‘ಸಂಕೀರ್ಣ’ ಆಘಾತ ಎಂಬ ಹೆಸರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೇ ರೋಗಪಟ್ಟಿಯ ಮೂಲಕ 2022ರಲ್ಲಿ ಜಾರಿಗೆ ಬಂತು. ಬ್ರಿಟನ್ನಿನ ಕೆಲವು ಮನಶ್ಶಾಸ್ತ್ರಜ್ಞರು 2018ರಲ್ಲಿ ಇನ್ನೂ ಮುಂದೆ ಹೋದರು: ನಿನಗೇನಾಗಿದೆ ರೋಗ ಎಂದು ಕೇಳಬೇಡಿ, ನಿನ್ನ ಬದುಕಿನಲ್ಲಿ ನಡೆದದ್ದೇನು ಎಂದು ಕೇಳಿ. ಪ್ರಶ್ನೆ ನನಗೆ ಒಪ್ಪಿಗೆ. ಹೆಸರನ್ನೇ ಬಿಟ್ಟುಬಿಡಿ ಎಂದರೆ ಒಪ್ಪಲಾರೆ. ಸ್ಕಿಝೋಫ್ರೇನಿಯಾದವರಿಗೆ ಔಷಧಿ ಬೇಕು, ಬೆಳೆಸಿದ್ದೇ ತಪ್ಪು ಎಂಬ ಅಪವಾದ ಅವರ ತಾಯಿಗೆ ಬೇಡ.

ನಡೆದದ್ದೇನು ಎಂಬ ಪ್ರಶ್ನೆ ಬೆಳ್ತಂಗಡಿ ಕಡೆಯವರಿಗೆ ಹೊಸತೇನಲ್ಲ. ಉಜಿರೆ ಸಮೀಪದ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಪಾಡ್ದನ ಎಂಬ ತುಳು ಹಾಡುಗತೆ 15,683 ಸಾಲುಗಳಾಗಿ ಪುಸ್ತಕವಾದದ್ದೂ ಫೆಲಿಟಿಯವರ ಅಧ್ಯಯನ ಬಂದ ಅದೇ 1998ರಲ್ಲಿ. ಅದರಲ್ಲಿ ಗಂಡನನ್ನು ತೊರೆದು ಹೊರಡುವ ಸಿರಿ ಇದ್ದಾಳೆ. ಚೆನ್ನೆಮಣೆ ಆಡುತ್ತಾ ಜಗಳ ಹುಟ್ಟಿ ಸಾಯುವ ಅವಳಿ ಮಕ್ಕಳು ಅಬ್ಬಗ-ದಾರಗ ಇದ್ದಾರೆ. ಸಿರಿ ಜಾತ್ರೆಯ ರಾತ್ರಿ ಹಿಂಗಾರ ಹಿಡಿದು ನಡುಗುವ ಹೆಂಗಸಿನ ಎದುರು ಸಿರಿಯ ಮಗ ಕುಮಾರನ ಪಾತ್ರಿ ನಿಲ್ಲುತ್ತಾನೆ. ನೀನು ಯಾರು, ಯಾಕೆ ಬಂದೆ ಎಂದು ಕೇಳುತ್ತಾನೆ. ಮನೆಯಲ್ಲಿ ಬಾಯಿ ಬಿಡದವಳು ಅಲ್ಲಿ ಮನೆಯವರ ಎದುರೇ ಮಾತಾಡುತ್ತಾಳೆ. ಇದು ಕಾಯಿಲೆಯೇ? ಹನ್ನೊಂದನೇ ರೋಗಪಟ್ಟಿಯಲ್ಲಿ ಮೈಮೇಲೆ ಬರುವುದಕ್ಕೂ ಒಂದು ಹೆಸರಿದೆ. ಆದರೆ ಸಮುದಾಯ ಒಪ್ಪಿದ ಆಚರಣೆಯೊಳಗೆ ಬಂದರೆ ರೋಗವಲ್ಲ. ಬೇಡವೆಂದರೂ ಬಂದು ಬದುಕನ್ನೇ ಕೆಡಿಸಿದರೆ ಮಾತ್ರ ರೋಗ ಎಂದು ಅದೇ ಪಟ್ಟಿ ಹೇಳುತ್ತದೆ.

ಬಂಟ್ವಾಳದವರಿಗೆ ಹೇಳಿದೆ: ಆರು ಎಂಬ ಅಂಕವನ್ನು ಅಳಿಸಿಬಿಡಿ. ನಿದ್ದೆ ಯಾವಾಗಿನಿಂದ ಕೆಟ್ಟಿದೆ, ಯಾವ ಸದ್ದಿಗೆ ಬೆಚ್ಚುತ್ತೀರಿ, ಪೆಟ್ಟು ಬಿದ್ದ ದಿನಗಳಲ್ಲಿ ಜೊತೆಗೆ ಯಾರಿದ್ದರು ಎಂಬುದನ್ನು ವೈದ್ಯರಿಗೆ ಹೇಳಿ. ಮೊದಲು ಫೋನಿನಲ್ಲೇ ಮಾತಾಡುವುದಾದರೆ ಸರ್ಕಾರದ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು. ಅವರು ಪೆನ್ನು ಹುಡುಕುವ ಸದ್ದು ಕೇಳಿಸಿತು. ನಂಬರನ್ನು ಎರಡು ಸಲ ಹೇಳಿಸಿಕೊಂಡರು.