ಹಾಲಿನ ಒಳ್ಳೆಯ ಕೊಬ್ಬು: ಕಾಯಿಸಿದರೆ ಕೆಡದು, ಬೆಳಕಿಗಿಟ್ಟರೆ ಕೆಟ್ಟೀತು

ಹಾಲಿನ ಕೊಬ್ಬು ಹೃದಯಕ್ಕೆ ಹಗೆ ಎಂಬ ಭಾವನೆ ನಗರವಾಸಿಗಳಲ್ಲಿ ಬೇರೂರಿದೆ. ಆದರೆ ಅದೇ ಕೊಬ್ಬಿನಲ್ಲಿ ಅಲ್ಪ ಪ್ರಮಾಣದಲ್ಲಿರುವ ಕಾಂಜುಗೇಟೆಡ್ ಲಿನೋಲಿಯಿಕ್ ಆಮ್ಲ, ಅಂದರೆ ಸಿಎಲ್‌ಎ, ದಶಕಗಳಿಂದ ಸಂಶೋಧಕರ ಗಮನ ಸೆಳೆದಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಗಡ್ಡೆಗಳ ಬೆಳವಣಿಗೆಯನ್ನು ತಗ್ಗಿಸಿದ್ದು ಕಂಡುಬಂದಿದೆ. ಮನುಷ್ಯರಲ್ಲಿ ಅಂಥ ಪರಿಣಾಮ ಇನ್ನೂ ದೃಢಪಟ್ಟಿಲ್ಲ.

ಹುಟ್ಟುವುದು ಎಲ್ಲಿ?
ಹಸು, ಎಮ್ಮೆಗಳ ಜಠರದ ಮೊದಲ ಕೋಣೆಯಲ್ಲಿರುವ ಬ್ಯಾಕ್ಟೀರಿಯಾಗಳು ಮೇವಿನ ಕೊಬ್ಬನ್ನು ಮಾರ್ಪಡಿಸುತ್ತವೆ. ಅಲ್ಲಿ ಉತ್ಪತ್ತಿಯಾಗುವ ವ್ಯಾಕ್ಸೆನಿಕ್ ಆಮ್ಲವನ್ನು ಕೆಚ್ಚಲಿನ ಕಿಣ್ವವೊಂದು ಸಿಎಲ್‌ಎ ಆಗಿ ಪರಿವರ್ತಿಸುತ್ತದೆ. ಒಂದು ಗ್ರಾಂ ಹಾಲಿನ ಕೊಬ್ಬಿನಲ್ಲಿ ಸಾಮಾನ್ಯವಾಗಿ 3ರಿಂದ 6 ಮಿಲಿಗ್ರಾಂ ಸಿಎಲ್‌ಎ ಇರುತ್ತದೆ. ಹಸಿರು ಹುಲ್ಲು ಮೇಯುವ ರಾಸುಗಳ ಹಾಲಿನಲ್ಲಿ ಈ ಪ್ರಮಾಣ ಹೆಚ್ಚು.

ಸಂಸ್ಕರಣೆಯ ಪರಿಣಾಮ
72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸುವ ಪಾಶ್ಚರೀಕರಣದಿಂದ ಇದಕ್ಕೆ ಹೇಳಿಕೊಳ್ಳುವಂಥ ಹಾನಿಯಿಲ್ಲ. ಹೆಪ್ಪು ಹಾಕಿದಾಗ ಅಲ್ಪ ವ್ಯತ್ಯಾಸವಾಗಬಹುದಾದರೂ, ಮೊಸರಿನ ಗುಣವನ್ನು ಮುಖ್ಯವಾಗಿ ನಿರ್ಧರಿಸುವುದು ಮೂಲ ಹಾಲೇ. ಬೆಣ್ಣೆ ಕಾಯಿಸುವ ಉಷ್ಣತೆ ಏರಿದಂತೆ ತುಪ್ಪದಲ್ಲಿ ಸಿಎಲ್‌ಎ ಹೆಚ್ಚಿದ್ದನ್ನೂ ಕೆಲವು ಅಧ್ಯಯನಗಳು ದಾಖಲಿಸಿವೆ. ನಿಜವಾದ ನಷ್ಟವಾಗುವುದು ಕೆನೆ ತೆಗೆದಾಗ. ಟೋನ್ಡ್ ಹಾಲಿನಲ್ಲಿ ಶೇ 3, ಡಬಲ್ ಟೋನ್ಡ್ ಹಾಲಿನಲ್ಲಿ ಶೇ 1.5ರಷ್ಟು ಮಾತ್ರ ಕೊಬ್ಬಿರುತ್ತದೆ. ಕೊಬ್ಬಿನೊಂದಿಗೆ ಸಿಎಲ್‌ಎ ಕೂಡ ಹೊರಟುಹೋಗುತ್ತದೆ.

ಶೇಖರಣೆಯಲ್ಲಿ ಎಚ್ಚರ
ಬೆಳಕು, ಗಾಳಿ ಮತ್ತು ತಾಮ್ರದ ಸಂಪರ್ಕ ಕೊಬ್ಬಿನ ಆಕ್ಸಿಡೀಕರಣವನ್ನು ತ್ವರಿತಗೊಳಿಸುತ್ತವೆ. ಹಾಲಿನಲ್ಲಿರುವ ರೈಬೋಫ್ಲೇವಿನ್ ಬೆಳಕನ್ನು ಹೀರಿ ಈ ಕ್ರಿಯೆಗೆ ಇಂಬು ನೀಡುತ್ತದೆ. ಆದ್ದರಿಂದ ಹಾಲನ್ನು ಬಿಸಿಲಿಗೆ ಇಡದೆ ಫ್ರಿಜ್‌ನಲ್ಲಿಡುವುದು, ತುಪ್ಪವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ ಕತ್ತಲೆಯಲ್ಲಿಡುವುದು ಒಳಿತು. ಕಮಟು ವಾಸನೆ ಬಂದ ತುಪ್ಪವನ್ನು ಮತ್ತೆ ಕಾಯಿಸಿದರೂ ಅದು ಸರಿಹೋಗದು.

ಲೆಕ್ಕ ಮರೆಯಬಾರದು
200 ಮಿಲಿಲೀಟರ್ ಟೋನ್ಡ್ ಹಾಲಿನಲ್ಲಿ ಸುಮಾರು 6 ಗ್ರಾಂ ಕೊಬ್ಬು, ಅದರಲ್ಲಿ 18ರಿಂದ 36 ಮಿಲಿಗ್ರಾಂ ಸಿಎಲ್‌ಎ ಇರುತ್ತದೆ. ಮಾನವ ಪ್ರಯೋಗಗಳಲ್ಲಿ ದಿನಕ್ಕೆ 3 ಗ್ರಾಂ ಆಸುಪಾಸು ಮಾತ್ರೆ ರೂಪದಲ್ಲಿ ನೀಡಿದ್ದುಂಟು. ಅಷ್ಟನ್ನು ಹಾಲಿನಿಂದಲೇ ಪಡೆಯಲು ನೂರರ ಆಸುಪಾಸು ಲೋಟ ಬೇಕು! ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸಂತೃಪ್ತ ಕೊಬ್ಬೇ ಆಗಿರುವುದರಿಂದ, ಸಿಎಲ್‌ಎ ಹೆಸರಿನಲ್ಲಿ ಹೃದ್ರೋಗಿಗಳು ತುಪ್ಪದ ಮಿತಿ ಮೀರುವುದು ಸಲ್ಲದು. ಅಂಥವರು ವೈದ್ಯರು ಸೂಚಿಸಿದ ಪ್ರಮಾಣಕ್ಕೇ ಬದ್ಧರಾಗಿರುವುದು ಕ್ಷೇಮ.