ಅಜ್ಜನ ಹೆಸರು ಹುಡುಕಿದ ಮೊಮ್ಮಗಳು

ಮುಂಬಯಿಯ ನಮ್ಮ ಸಂಘ ಸಂಸ್ಥೆಗಳಲ್ಲಿ ಸ್ಮರಣ ಸಂಚಿಕೆಗಳಿಗೆ ಬರವಿಲ್ಲ. ಬಿಡುಗಡೆಯ ದಿನ ಫೋಟೋ ನೋಡುತ್ತೇವೆ, ಆಮೇಲೆ ಕಪಾಟಿಗೆ ಸೇರಿಸುತ್ತೇವೆ. ನಮ್ಮ ಸಂಘದ 2004ರ ಸಂಚಿಕೆಯಲ್ಲಿ ಗತಿಸಿದ ಹಿರಿಯರ ಪರಿಚಯವಿತ್ತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ನನ್ನ ತಂದೆಯವರ ಬಗ್ಗೆಯೂ ಎಂಟು ಸಾಲುಗಳಿದ್ದವು. 2005ರ ಜುಲೈ 26ರ ಮಹಾಮಳೆಯಲ್ಲಿ ಕಚೇರಿಗೆ ನೀರು ನುಗ್ಗಿ ಪ್ರತಿಗಳೆಲ್ಲ ಹಾಳಾದವು. ಉಳಿದದ್ದು ಮುದ್ರಣಕ್ಕೆ ಕೊಟ್ಟಿದ್ದ ಒಂದು ಸಿ.ಡಿ. ಮಾತ್ರ.

ಐ.ಟಿ. ಪದವಿಯ ಎರಡನೇ ವರ್ಷದಲ್ಲಿರುವ ನನ್ನ ಮಗಳಿಗೆ ಕಾಲೇಜಿನಲ್ಲಿ ವೆಬ್‌ಸೈಟ್ ತಯಾರಿಸುವ ಪ್ರಾಜೆಕ್ಟ್ ಬಂತು. ಸಂಘದ್ದೇ ಮಾಡುತ್ತೇನೆಂದು ಹೊರಟಳು. ಸಾಲ ಮಾಡಿ ಕೊಡಿಸಿದ ಹೊಸ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ! ನೆರೆಮನೆಯಿಂದ ಡ್ರೈವ್ ತಂದು ಫೈಲ್ ತೆರೆದರೆ, ಕನ್ನಡದ ಬದಲು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು. ನನಗೆ ಎದೆ ಧಸಕ್ಕೆಂದಿತು.

ಮಗಳು ಕಾರಣ ತಿಳಿಸಿದಳು. ಹಳೆಯ ನುಡಿ ಫಾಂಟಿನಲ್ಲಿ ‘ಕ’ ಅಕ್ಷರ ಇಂಗ್ಲಿಷಿನ ‘ಪಿ’ಯ ಜಾಗದಲ್ಲಿ ಕುಳಿತಿದೆ. ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಬರೀ ‘ಪಿ’. ಬ್ಯಾಂಕಿನ ಗುಮಾಸ್ತನಾದ ನನಗೆ ಹೀಗೆ ಅರ್ಥವಾಯಿತು: ನಮ್ಮ ಹಣವನ್ನು ಇನ್ನೊಬ್ಬರ ಖಾತೆಯಲ್ಲಿ ಇಟ್ಟಿದ್ದೆವು. ಯುನಿಕೋಡ್ ವ್ಯವಸ್ಥೆಯಲ್ಲಿ ಪ್ರತಿ ಅಕ್ಷರಕ್ಕೂ ಸ್ವಂತ ಖಾತೆ ಸಂಖ್ಯೆಯಿದೆ, ‘ಕ’ಕ್ಕೆ 3221. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ನಾವು ಮಾತ್ರ ಬಹುಕಾಲ ಹಳೆಯದಕ್ಕೇ ಅಂಟಿಕೊಂಡಿದ್ದೆವು.

ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸಲು ಅವಳೇ ಪುಟ್ಟದೊಂದು ಪ್ರೋಗ್ರಾಂ ಬರೆದಳು. ಪರದೆಯ ಮೇಲೆ ಕನ್ನಡ ಮೂಡಿತು. ಮೊದಲು ಹುಡುಕಿದ್ದು ಅಜ್ಜನ ಹೆಸರನ್ನು. ‘ಸಿಗಲಿಲ್ಲ’ ಎಂಬ ಉತ್ತರ ಬಂತು. ಎರಡು ರಾತ್ರಿ ತಲೆ ಕೆಡಿಸಿಕೊಂಡು ಕೊನೆಗೆ ನನ್ನನ್ನು ಕರೆದಳು. ನಾನು ಕನ್ನಡಕ ಹಾಕಿ ಓದಿದೆ. ‘ಕಾರ್ಯದರ್ಶಿ’ ಇರಬೇಕಾದಲ್ಲಿ ‘ಕಾಯರ್ದಶಿರ್’ ಎಂದಿತ್ತು! ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಬರೆಯುವಂತೆ ಅಕ್ಷರದ ನಂತರ ಬರುತ್ತದೆ. ಯುನಿಕೋಡಿನಲ್ಲಿ ಉಚ್ಚರಿಸುವಂತೆ ‘ರ’ಕಾರ ಮೊದಲು. ಅಪ್ಪನ ಹೆಸರಿನಲ್ಲೂ ಅರ್ಕಾವೊತ್ತು ಇದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಗಳಿಗೆ ತಪ್ಪು ಕಣ್ಣಿಗೆ ಬಿದ್ದಿರಲಿಲ್ಲ. ಸಂಜೆ ಕಾಲೇಜಿನ ಬಿ.ಕಾಂ. ಆದ ನನಗೆ ಪ್ರೋಗ್ರಾಂ ಬರುವುದಿಲ್ಲ, ಆದರೆ ಕನ್ನಡ ಬರುತ್ತದೆ. ಅವಳು ತಿದ್ದಿದಳು, ಮತ್ತೆ ಹುಡುಕಿದಳು. ಎಂಟೂ ಸಾಲು ಎದುರಿಗೆ ಬಂದವು.

ಅಂದಿನಿಂದ ದಿನಾ ರಾತ್ರಿ ಊಟದ ಬಳಿಕ ಅವಳು ಗಟ್ಟಿಯಾಗಿ ಓದುವುದು, ನಾನು ತಿದ್ದುವುದು. ಅಕ್ಷರ ಕೂಡಿಸಿ ಓದುತ್ತಿದ್ದವಳು ಈಗ ಪುಟಗಟ್ಟಲೆ ಸರಾಗವಾಗಿ ಓದುತ್ತಾಳೆ. ಹಿರಿಯ ಸದಸ್ಯರು ‘ಕಾಣಿಸುವುದಿಲ್ಲಮ್ಮಾ’ ಎಂದಾಗ ಅಕ್ಷರ ದೊಡ್ಡದು ಮಾಡಿದಳು. ಮೊಬೈಲಿನಲ್ಲಿ ಬೇಗ ತೆರೆಯಲೆಂದು ಫೋಟೋಗಳ ಗಾತ್ರ ಇಳಿಸಿದಳು. ಅಂದಚೆಂದಕ್ಕಿಂತ ಓದುವವರ ಅನುಕೂಲ ಮುಖ್ಯ ಎಂಬುದು ಅವಳು ಕಲಿತ ಪಾಠ.

ನಿಮ್ಮ ಸಂಘದಲ್ಲೂ ಇಂತಹ ಹಳೆಯ ಸಿ.ಡಿ.ಗಳಿರಬಹುದು. ಅವು ಕೆಡುವ ಮೊದಲು ಹೊರತೆಗೆಯಿರಿ. ಕಂಪ್ಯೂಟರ್ ಬಲ್ಲ ಮಗುವನ್ನೂ ಕನ್ನಡ ಬಲ್ಲ ಹಿರಿಯರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ. ಒಬ್ಬರಿಂದಲೇ ಈ ಕೆಲಸ ಆಗದು.